ಐದನೇ ಸಂತೆಗೆ ದುಡ್ಡು ಎಲ್ಲಿಂದ?

ಮನೆಖರ್ಚಿನ ಬಗ್ಗೆ ಫೋನಿನಲ್ಲಿ ಓಡಾಡುವ ಸಲಹೆಗಳೆಲ್ಲ ಒಂದನೇ ತಾರೀಖು ಸಂಬಳ ಎಣಿಸುವವರಿಗೆ. ಕೊಡಗಿನ ಕಾಫಿ ಬೆಳೆಗಾರರ ಮನೆಗೆ ಅದು ಹೊಂದುವುದಿಲ್ಲ. ಅರೇಬಿಕಾ ಡಿಸೆಂಬರ್-ಜನವರಿ, ರೋಬಸ್ಟಾ ಮಾರ್ಚ್‌ವರೆಗೆ, ಅದರ ಬೆನ್ನಿಗೆ ಕರಿಮೆಣಸು. ವರ್ಷದ ದುಡ್ಡು ಮೂರ್ನಾಲ್ಕು ತಿಂಗಳಲ್ಲಿ ಬಂದು ಬೀಳುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ ತಪ್ಪದು. ಮಾರ್ಚ್‌ನಲ್ಲಿ ಚೆಂದಕ್ಕೆ ಬರೆದ ಬಜೆಟ್ಟನ್ನು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದವರೆಗೆ ಯಾರೂ ತೆರೆದು ನೋಡುವುದಿಲ್ಲ. ಕೆಡುವುದು ಅಲ್ಲೇ.

ಮೊದಲು ತೋಟ ಬೇರೆ, ಮನೆ ಬೇರೆ ಮಾಡಿ. ಎರಡು ಬ್ಯಾಂಕ್ ಖಾತೆ ಇದ್ದರೆ ಸಾಕು. ಗೊಬ್ಬರ, ಮೈಲುತುತ್ತ-ಸುಣ್ಣ, ಕಸಿ (ರೆಂಬೆ ಸವರುವುದು), ಕಳೆ, ಕಾಫಿ ಹೂ ಬಿಡಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್, ಎಲ್ಲ ತೋಟದ ಖಾತೆಯಿಂದ. ಅದೂ ಸಾಲದ ಕಂತೂ ತೆಗೆದ ಮೇಲೆ ಮನೆಗೆ 5,60,000 ಉಳಿಯಿತು ಎಂದಿಟ್ಟುಕೊಳ್ಳಿ. ಇದನ್ನು 12ರಿಂದ ಅಲ್ಲ, 14ರಿಂದ ಭಾಗಿಸಿ. ತಿಂಗಳಿಗೆ 40,000 ಬರುತ್ತದೆ. ಮೇಲಿನ ಎರಡು ತಿಂಗಳ 80,000 ಏಕೆಂದರೆ, ಕುಯ್ಲಿನ ಹೊತ್ತಿಗೆ ಮಳೆ ಹೊಡೆದು ಕಣದಲ್ಲಿ ಕಾಫಿ ಒಣಗದೆ ಕೂತರೆ, ಅಥವಾ ದರ ಬಿದ್ದು ಮಾರಲು ಮನಸ್ಸಾಗದಿದ್ದರೆ, ಮುಂದಿನ ಮಾರ್ಚ್ ದುಡ್ಡು ಮೇ ತಿಂಗಳಿಗೆ ಜಾರುತ್ತದೆ. ಗೋದಾಮಿನಲ್ಲಿರುವ ಚೆರಿಯನ್ನು (ಸಿಪ್ಪೆಸಮೇತ ಒಣಗಿಸಿದ ಕಾಫಿ) ದುಡ್ಡೆಂದು ಬರೆಯಲೇಬೇಡಿ. 50 ಕೆಜಿ ಮೂಟೆಗೆ ಓಟಿ (ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ, ಕೆಜಿಗೆ ಒಂದು ಪಾಯಿಂಟು) 28 ಬರುತ್ತದೆಂದು ಲೆಕ್ಕ ಹಾಕಿ, ವ್ಯಾಪಾರಿ ಪರೀಕ್ಷೆಯಲ್ಲಿ 26 ಬಂದರೆ ಮೂಟೆಯೊಂದಕ್ಕೆ ಎರಡು ಪಾಯಿಂಟಿನ ದುಡ್ಡು ಹೋಯಿತು. ಮಾರಿ ಖಾತೆಗೆ ಬಂದದ್ದಷ್ಟೇ ಲೆಕ್ಕ. 2024ರಲ್ಲಿ ರೋಬಸ್ಟಾ ದರ ಹಿಂದೆಂದೂ ಕಾಣದಷ್ಟು ಏರಿತಲ್ಲ, ಆ ದರ ನೋಡಿ ಮನೆಖರ್ಚು ಕಟ್ಟಿಕೊಂಡವರು ಒಮ್ಮೆ ಕಡಿಮೆ ದರ ಹಾಕಿಯೂ ಲೆಕ್ಕ ಮಾಡಿ ನೋಡಲಿ. ಕಳೆದ ಮೂರು ವರ್ಷಗಳಲ್ಲಿ ಕಡಿಮೆ ಯಾವುದೋ ಅದನ್ನೇ ಹಿಡಿಯಬೇಕು ಎನ್ನುವುದು ನನ್ನ ವಾದ.

ಈ 40,000ದಲ್ಲಿ ವರ್ಷಕ್ಕೊಮ್ಮೆ ಬರುವ ಖರ್ಚನ್ನು ಮೊದಲೇ ಎತ್ತಿಡಬೇಕು: ಶಾಲೆ ಫೀಸು, ಜೀಪಿನ ಇನ್ಶೂರೆನ್ಸ್, ಮಳೆಗಾಲದ ಸಾಮಾನು, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ, ಏಪ್ರಿಲ್-ಮೇ ಮದುವೆಗಳ ಮುಯ್ಯಿ. ಎಲ್ಲ ಸೇರಿ 1,44,000 ಆದರೆ ತಿಂಗಳಿಗೆ 12,000. ಕರೆಂಟು, ಗ್ಯಾಸು, ಹಾಲು, ಮೊಬೈಲು, ಔಷಧಿಗೆ 10,000. ಸಂತೆಗೂ ಅಂಗಡಿಗೂ ಉಳಿಯುವುದು 18,000.

ಎಡವುವುದು ಇಲ್ಲಿ. 18,000ವನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ 4,500 ಎನ್ನುತ್ತಾರೆ. ಮಡಿಕೇರಿ ಸಂತೆ ಶುಕ್ರವಾರ. ಆದರೆ ವರ್ಷಕ್ಕೆ ಶುಕ್ರವಾರ 48 ಅಲ್ಲ, 52. ವರ್ಷದಲ್ಲಿ ನಾಲ್ಕು ತಿಂಗಳಿಗೆ ನಾಲ್ಕರ ಬದಲು ತಲಾ ಐದು ಸಂತೆ ಬರುತ್ತದೆ. 4,500ರಂತೆ 52 ವಾರಕ್ಕೆ 2,34,000, ಕೈಯಲ್ಲಿರುವುದು 2,16,000. ಕೊರತೆ 18,000, ಅಂದರೆ ಸರಿಯಾಗಿ ಒಂದು ತಿಂಗಳ ಸಂತೆ ದುಡ್ಡು. ಯಾರೂ ದುಂದು ಮಾಡಿಲ್ಲ, ಆದರೂ ದುಡ್ಡಿಲ್ಲ! ಆಮೇಲೆ ಗಂಡ ಹೆಂಡತಿಯ ಮುಖ ನೋಡುವುದು, ಹೆಂಡತಿ ಗಂಡನ ಮುಖ ನೋಡುವುದು. ವಾರಕ್ಕೆ 4,150 ಎಂದು ಬರೆಯಿರಿ, ಜಗಳ ಅರ್ಧ ಕಡಿಮೆ.

ವಾರದ ತಪಾಸಣೆಗೆ ಸಂತೆಯ ಹಿಂದಿನ ರಾತ್ರಿ ಸರಿ. ಮಡಿಕೇರಿ ಕಡೆಯವರಿಗೆ ಗುರುವಾರ, ಗೋಣಿಕೊಪ್ಪ ಕಡೆಯವರಿಗೆ ಶನಿವಾರ. ಹತ್ತು ನಿಮಿಷ, ಇಬ್ಬರೂ ಕೂರಬೇಕು. ಪರ್ಸು, ಡಬ್ಬಿ, ಜೇಬು, ಎಲ್ಲ ಕಡೆಯ ನಗದು ಎಣಿಸಿ. ಫೋನ್‌ಪೇ, ಗೂಗಲ್‌ಪೇ ತೆರೆದು ಏಳು ದಿನದ ಪಟ್ಟಿ ನೋಡಿ. ನೂರರ ಒಳಗಿನವನ್ನು ಬಿಡಿಬಿಡಿಯಾಗಿ ಬರೆಯಬೇಡಿ, ಒಟ್ಟು ಕೂಡಿಸಿ. ಕೂಡಿಸಿದ ಮೇಲೆ ಕಾಣುವ ಮೊತ್ತಕ್ಕೆ ಬೆಚ್ಚಿಬೀಳುವವರೇ ಹೆಚ್ಚು. ಮೂರನೆಯದು ಅಂಗಡಿಯ ಉದ್ರಿ ಪುಸ್ತಕ. ಉದ್ರಿ ಎಂದರೆ ಆಗಲೇ ಖರ್ಚಾದ ದುಡ್ಡು, ಕೈಯಿಂದ ಇನ್ನೂ ಹೋಗಿಲ್ಲ ಅಷ್ಟೇ. ಅದನ್ನು ಈ ವಾರದಿಂದಲೇ ಕಳೆಯಿರಿ. ಗೃಹಲಕ್ಷ್ಮಿಯ 2,000 ಸಂತೆ ಲೆಕ್ಕಕ್ಕೆ ಸೇರಿಸಬಾರದು. ಯಾವಾಗ ಬೀಳುತ್ತದೋ ಗೊತ್ತಿಲ್ಲದ ದುಡ್ಡನ್ನು ನಂಬಿ ತರಕಾರಿ ಕೊಳ್ಳಲಾಗದು. ಬಿದ್ದಾಗ ವಾರ್ಷಿಕ ಖರ್ಚಿನ ಗಂಟಿಗೆ ಹಾಕಿ.

ಪುಸ್ತಕದಲ್ಲಿ ಮೂರೇ ಸಾಲು: ಎಷ್ಟಿದೆ, ಎಷ್ಟು ಕೊಡಬೇಕು, ಮುಂದಿನ ಕಾಫಿ ದುಡ್ಡಿಗೆ ಎಷ್ಟು ವಾರ. ‘ಯಾಕೆ ಖರ್ಚು ಮಾಡಿದೆ’ ಎಂಬ ಪ್ರಶ್ನೆ ಆ ಹತ್ತು ನಿಮಿಷದಲ್ಲಿ ಬೇಡ. ಅದು ಬಂದ ಮನೆಯಲ್ಲಿ ಮೂರನೇ ವಾರಕ್ಕೆ ಪುಸ್ತಕ ಅಟ್ಟ ಸೇರುತ್ತದೆ.

ಸೋರಿಕೆ ಹೆಚ್ಚು ಕೆಲಸದವರ ಮುಂಗಡದಲ್ಲಿ. ಸಂತೆಗೆ ಹೋಗುವ ಮುಂಚೆ ಲೈನ್‌ಮನೆಯ (ತೋಟದ ಸಾಲುಮನೆಯ) ಕೆಲಸದವರು ಐನೂರು ಕೇಳುತ್ತಾರೆ, ತೋಟದ ದುಡ್ಡು ಬ್ಯಾಂಕಿನಲ್ಲಿ, ಕೊಡುವುದು ಮನೆಯ ಪರ್ಸಿನಿಂದ. ವಾಪಸು ಹಾಕುವುದು ಮರೆತೇ ಹೋಗುತ್ತದೆ. ಕೊಟ್ಟ ಕೂಡಲೇ ತೋಟದ ಖಾತೆಯಿಂದ ಮನೆ ಖಾತೆಗೆ ಅಷ್ಟನ್ನೇ ಫೋನಿನಲ್ಲಿ ವರ್ಗಾಯಿಸಿಬಿಡಿ, ಬರೆದಿಡುವ ಗೋಜೇ ಇಲ್ಲ.

ದೊಡ್ಡ ತಪಾಸಣೆ ವರ್ಷಕ್ಕೆ ನಾಲ್ಕು ಸಾಕು. ಮಾರ್ಚ್ ಕೊನೆಯದು ಸಾಲಕ್ಕೆ: ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲ ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಶೂನ್ಯ, ಆ ತಾರೀಖು ಕ್ಯಾಲೆಂಡರಿನಲ್ಲಿ ಗೀಚಿರಲಿ.

ಮೇ ಕೊನೆಯ ವಾರದ್ದು ಎಲ್ಲಕ್ಕಿಂತ ಮುಖ್ಯ. ಫೀಸು, ರೇನ್‌ಕೋಟು, ಟಾರ್ಪಾಲು, ಅಕ್ಕಿ, ಒಣಮೀನು, ತುಂಬಿದ ಎರಡನೇ ಸಿಲಿಂಡರು, ಮಳೆಗೆ ಮುಂಚಿನ ಗೊಬ್ಬರ, ಎಲ್ಲ ಒಟ್ಟಿಗೇ ಬಂದು ನಿಲ್ಲುತ್ತವೆ. ಜೊತೆಗೆ ಎರಡು ವಾರದ ಸಂತೆ ದುಡ್ಡು ನಗದಾಗಿಯೇ ಮನೆಯಲ್ಲಿರಬೇಕು. ಕರೆಂಟು ಹೋಗಿ ಟವರ್ ಸತ್ತರೆ ಯುಪಿಐ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಮಳೆ ಶುರುವಾದ ಮೇಲೆ ಮೀಟರ್ ಮೇಲೂ ಕಣ್ಣಿಡಿ. 2,000 ವ್ಯಾಟಿನ ಗೀಸರು ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ರೀಡಿಂಗ್ ಆದ ಹದಿನೈದನೇ ದಿನ 100 ದಾಟಿದ್ದರೆ ಗೀಸರು ಆರಿಸಿ ಹಂಡೆಗೆ ಸೌದೆ ಹಾಕಿ.

ಮೂರನೆಯದು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಕಳೆದ ಮೇಲೆ. ಕೊರತೆ ಇದ್ದರೆ ಆಗಲೇ ಕಾಣುತ್ತದೆ, ಸರಿಪಡಿಸಲು ಇನ್ನೂ ಸಮಯವಿರುತ್ತದೆ. ವಾರದ 4,150ನ್ನು 3,800ಕ್ಕೆ ಇಳಿಸಿದರೆ 20 ವಾರಕ್ಕೆ 7,000 ಸಿಗುತ್ತದೆ. ಅದಕ್ಕಿಂತ ದೊಡ್ಡ ಕೊರತೆಗೆ ಮೀಸಲಿನ 80,000ಕ್ಕೆ ಕೈಹಾಕಿ. ಒಡವೆ ಸಾಲ ಅದೂ ಮುಗಿದ ಮೇಲೆ. ಕೊನೆಯದು ಪುತ್ತರಿಗೆ ಮುಂಚೆ. ಕುಯ್ಲಿನ ಕೂಲಿ ವಾರವಾರ ನಗದು ಕೇಳುತ್ತದೆ, ಕಾಫಿ ದುಡ್ಡು ಇನ್ನೂ ಬಂದಿರುವುದಿಲ್ಲ. ಮೊದಲ ನಾಲ್ಕು ವಾರದ ಕೂಲಿ ತೋಟದ ಖಾತೆಯಲ್ಲಿ ಇದೆಯೇ ಎಂದು ಅಂದೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಕೂಲಿಯೂ ಮನೆಯ ಪರ್ಸಿಗೇ ಬರುತ್ತದೆ.