ಕಲಿಯದ್ದನ್ನೂ ಮರೆತ ದೊಡ್ಡವ್ವ

ನಮ್ಮ ದೊಡ್ಡವ್ವ ಎರಡು ಸಲ ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕಿದಳು. ಅಣ್ಣ ಹೆದರಿ ಮಂಡ್ಯದ ಒಂದು ಆಸ್ಪತ್ರೆಗೆ ಕರೆತಂದ. ನಾನೂ ಜೊತೆಗಿದ್ದೆ.

ಮರೆವಿನ ಪರೀಕ್ಷೆ, 30 ಅಂಕಕ್ಕೆ. 24ಕ್ಕಿಂತ ಕಡಿಮೆ ಬಂದರೆ ಮರೆವಿನ ಕಾಯಿಲೆಯ ಅನುಮಾನವಂತೆ. ಪ್ರಶ್ನೆಪತ್ರಿಕೆ ಹುಟ್ಟಿದ್ದು 1975ರಲ್ಲಿ, ಅಮೆರಿಕದಲ್ಲಿ. ದೊಡ್ಡವ್ವ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ.

"ಅಜ್ಜಿ, ಇವತ್ತು ಎಷ್ಟನೇ ತಾರೀಕು?"

"ಅಮಾಸೆ ಕಳ್ದು ನಾಕು ದಿನ ಆಯ್ತು ಕಣಪ್ಪ."

ತಪ್ಪು. ಪರೀಕ್ಷೆ ಮಾಡುತ್ತಿದ್ದ ಹುಡುಗ ಮೊಬೈಲ್ ನೋಡಿ ತಾರೀಕು ಖಾತ್ರಿ ಮಾಡಿಕೊಂಡ. ಅವನ ಅಂಕ ಕಳೆಯುವವರು ಯಾರೂ ಇರಲಿಲ್ಲ.

"ನೂರರಲ್ಲಿ ಏಳೇಳು ಕಳೀತಾ ಹೋಗಿ."

"ಯಾರಿಗೆ ಕೊಡಕ್ಕೆ?"

ನ್ಯಾಯವಾದ ಪ್ರಶ್ನೆ, ಅಲ್ವಾ? ಇಪ್ಪತ್ತು ಹೆಂಗಸರ ಚೀಟಿ ಲೆಕ್ಕ ಬಾಯಲ್ಲೇ ಇಟ್ಟುಕೊಂಡವಳು ಸುಮ್ನೆ ಯಾಕೆ ದುಡ್ಡು ಬಿಚ್ಚುತ್ತಾಳೆ? ಸೊನ್ನೆ.

ಆಮೇಲೆ ಬಂತು ನೋಡಿ ಒಂದು ಹಾಳೆ. ದಪ್ಪ ಅಕ್ಷರದಲ್ಲಿ 'ಕಣ್ಣು ಮುಚ್ಚಿ' ಅಂತಿತ್ತು. ಓದಿಕೊಂಡು ಹಾಗೇ ಮಾಡಬೇಕು. ದೊಡ್ಡವ್ವ ಕಣ್ಣರಳಿಸಿ ನೋಡಿದಳು. ಹಾಳೆ ತಿರುಗಿಸಿ ಹಿಂದೆಯೂ ನೋಡಿದಳು. ಸೊನ್ನೆ. ಒಂದು ವಾಕ್ಯ ಬರೆಯಬೇಕಿತ್ತು, ಸೊನ್ನೆ. ಒಂದಕ್ಕೊಂದು ಸಿಕ್ಕಿಕೊಂಡ ಐದು ಮೂಲೆಯ ಎರಡು ಚಿತ್ರ ನೋಡಿ ಬರೆಯುವಾಗ ಪೆನ್ಸಿಲ್ಲೇ ಮುರಿಯಿತು. ರಂಗೋಲಿ ಪುಡಿ ಕೊಟ್ಟಿದ್ದರೆ ಆಸ್ಪತ್ರೆ ಬಾಗಿಲ ತುಂಬ ಚುಕ್ಕಿ ಇಟ್ಟು ಎಳೆದುಬಿಡುತ್ತಿದ್ದಳು. ರಂಗೋಲಿಗೆ ಅಂಕ ಇಲ್ಲ.

ಒಟ್ಟು 17. ಕಲಿಯದ ಅಕ್ಷರವನ್ನೂ ದೊಡ್ಡವ್ವ ಮರೆತಿದ್ದಾಳೆ! ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ, ಈಗ ಎಷ್ಟಿದೆ, ನಾಲೆಗೆ ಎಂದು ಬಿಟ್ಟರು? ಅದನ್ನು ಯಾರೂ ಕೇಳಲಿಲ್ಲ.

ಬೇರೆ ದಾರಿ ಇಲ್ಲದೆ ಏನಲ್ಲ. ಹರಿಯಾಣದ ಬಲ್ಲಭಗಢದಲ್ಲಿ ಓದು ಬಾರದ ಹಳ್ಳಿಯವರಿಗಾಗಿ 1990ರ ದಶಕದಲ್ಲೇ ಇದೇ ಪರೀಕ್ಷೆಯನ್ನು ಹಿಂದಿಗೆ ಒಗ್ಗಿಸಿದರು. ಅಲ್ಲಿ ಓದಿಸುವುದಿಲ್ಲ. ಪರೀಕ್ಷೆ ಮಾಡುವವರೇ ಕಣ್ಣು ಮುಚ್ಚಿ, 'ನಾನು ಮಾಡಿದಂಗೆ ಮಾಡಿ' ಅನ್ನುತ್ತಾರೆ. ವಾರದ ಹೆಸರು ಹಿಂದಿನಿಂದ ಕೇಳುತ್ತಾರೆ. ಮನೆಯವರನ್ನೇ ವಿಚಾರಿಸುವ ಪ್ರಶ್ನೆಪಟ್ಟಿಗಳೂ ಇವೆ. ಮೊದಲಿಗಿಂತ ಈಗ ಏನು ಬದಲಾಗಿದೆ, ದುಡ್ಡಿನ ವ್ಯವಹಾರ ತಪ್ಪುತ್ತಿದ್ದಾರಾ ಅಂತ. ಆದರೆ ಅದಕ್ಕೆ ಪುರುಸೊತ್ತು ಬೇಕು. ಹಳೇ ಹಾಳೆಗೆ ಜೆರಾಕ್ಸ್ ಸಾಕು.

ಅದೇ ದಿನ ಒಬ್ಬ ರಿಟೈರ್ಡ್ ಮೇಷ್ಟ್ರು 29 ತೆಗೆದರು. ನಾರ್ಮಲ್ ಅಂತ ಬರೆದುಕೊಟ್ಟರು. ಹೊರಗೆ ಬಂದವರೇ ಪಾಂಡವಪುರದ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ನಮ್ಮನ್ನು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ದೊಡ್ಡವ್ವ ಅವರ ಕೈ ಹಿಡಿದು ನಡೆಸಿಕೊಂಡು ಹೋಗಿ, ಕಂಡಕ್ಟರ್ ಕೂಗು ಕೇಳಿಸಿಕೊಂಡು, ಬಸ್ಸು ಹತ್ತಿಸಿ ಬಂದಳು.