ಮುಖವಾಡದವನಿಗೆ ಕುಂಕುಮ

ತೀರ್ಥಹಳ್ಳಿಯ ನಮ್ಮ ಮನೆಯ ದೇವರ ಕೋಣೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಬೆಳ್ಳಿ ರೂಪಾಯಿಗಳ ಸಾಲಿನಲ್ಲಿ ಹಾಲಿವುಡ್ಡಿನ ಖಳನಾಯಕನೊಬ್ಬ ಮೂರು ವರ್ಷಗಳಿಂದ ಪೂಜೆ ಸ್ವೀಕರಿಸುತ್ತಿದ್ದಾನೆ. ಅವನನ್ನು ಅಲ್ಲಿಗೆ ತಲುಪಿಸಿದ ಪಾಪದಲ್ಲಿ ನನ್ನ ಪಾಲೂ ಇರುವುದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಆಕ್ಲೆಂಡಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ನನಗೊಂದು ನಾಣ್ಯ ತಂದುಕೊಟ್ಟ. ಒಂದು ಔನ್ಸ್, ಅಂದರೆ 31.1 ಗ್ರಾಂ ಅಪ್ಪಟ ಬೆಳ್ಳಿ, ಇಸವಿ 2017. ಒಂದು ಮುಖದಲ್ಲಿ ಕಿರೀಟ ಧರಿಸಿದ ಎಲಿಜಬೆತ್ ರಾಣಿ, ಇನ್ನೊಂದು ಮುಖದಲ್ಲಿ ‘ಸ್ಟಾರ್ ವಾರ್ಸ್’ ಚಿತ್ರದ ಡಾರ್ತ್ ವೇಡರ್. ಸಿನಿಮಾ ನೋಡದವರಿಗೆ ಹೇಳುವುದಾದರೆ, ಕೊಡದಂಥ ಶಿರಸ್ತ್ರಾಣ, ಬಾಯಿಯ ಜಾಗದಲ್ಲಿ ಜಾಲರಿ, ಕಣ್ಣಿದ್ದಲ್ಲಿ ಕತ್ತಲೆ. ಅದನ್ನು ನೋಡಿದ ಅಮ್ಮ, “ಎಂಥದು ಮಾರಾಯ ಇದು, ಔಷಧಿ ಹೊಡೆಯಲು ಹೊರಟವನ ಹಾಗೆ ಕಾಣುತ್ತಾನಲ್ಲ” ಎಂದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರನ್ನು ಪ್ರತಿ ಮಳೆಗಾಲ ತೋಟದಲ್ಲಿ ಕಂಡ ಕಣ್ಣಿಗೆ ಬೇರೇನು ಹೊಳೆದೀತು?

ನಾಣ್ಯವನ್ನು ಹೊರಡಿಸಿದ ದೇಶದ ಹೆಸರು ನಿಯುವೆ. ಪೆಸಿಫಿಕ್ ಸಾಗರದ ನಡುವೆ ಸುಮಾರು 260 ಚದರ ಕಿಲೋಮೀಟರಿನ ಒಂದು ದ್ವೀಪ. ನಮ್ಮ ತಾಲ್ಲೂಕಿನೊಳಗೆ ಇಟ್ಟರೆ ಸುತ್ತ ಬೇಕಾದಷ್ಟು ಕಾಡು ಉಳಿಯುತ್ತದೆ. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಅಲ್ಲಿನವರು ಸಂತೆಗೆ ಒಯ್ಯುವುದು ನ್ಯೂಜಿಲೆಂಡಿನ ಡಾಲರನ್ನೇ ಆದರೂ, ‘ಸ್ಟಾರ್ ವಾರ್ಸ್’ ನಾಣ್ಯಗಳು ಆ ದೇಶದ ಹೆಸರಿನಲ್ಲಿ 2011ರಿಂದ ಹೊರಬರುತ್ತಿವೆ. ಟಂಕಿಸುವುದು ನ್ಯೂಜಿಲೆಂಡಿನ ಟಂಕಸಾಲೆ, ಕೊಳ್ಳುವವರು ಲೋಕದ ತುಂಬ ಇರುವ ಸಿನಿಮಾ ಹುಚ್ಚರು. ಈ ಹುಚ್ಚು ಸಣ್ಣ ದ್ವೀಪಗಳಿಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ಟಂಕಸಾಲೆಯೇ 2022ರಲ್ಲಿ ಹ್ಯಾರಿ ಪಾಟರನನ್ನು 50 ಪೆನ್ಸ್ ನಾಣ್ಯಕ್ಕೆ ಹತ್ತಿಸಿತು. ನಮ್ಮಲ್ಲೂ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಯವರು ಎನ್.ಟಿ. ರಾಮರಾವ್ ಅವರ ನೂರು ರೂಪಾಯಿಯ ನಾಣ್ಯವನ್ನು ಬಿಡುಗಡೆ ಮಾಡಿದರು, ಆದರೆ ಅದು ವ್ಯಕ್ತಿಗೆ ಸಂದ ಗೌರವ. ಪಾತ್ರಕ್ಕೆ, ಅದೂ ಖಳನ ಪಾತ್ರಕ್ಕೆ, ಬೆಳ್ಳಿ ಸುರಿಯುವ ಧೈರ್ಯ ನಮಗಿನ್ನೂ ಬಂದಂತಿಲ್ಲ.

ಮುಖಬೆಲೆ ಎರಡು ಡಾಲರ್, ಅಂದರೆ ನಮ್ಮ ನೂರು ರೂಪಾಯಿಯ ಆಸುಪಾಸು. ಬೆಳ್ಳಿಯ ಬೆಲೆ ಅದರ ಹಲವು ಪಟ್ಟು. ಗೀರಿಲ್ಲದ ನಾಣ್ಯಕ್ಕೆ ಸಂಗ್ರಾಹಕರು ಕೊಡುವ ಬೆಲೆ ಅದಕ್ಕೂ ಮೇಲೆ. ಈ ಮೂರನೆಯ ಬೆಲೆಯನ್ನು ಕಾಪಾಡಬೇಕಾದರೆ ನಾಣ್ಯವನ್ನು ಅದರ ಪಾರದರ್ಶಕ ಡಬ್ಬಿಯಿಂದ ತೆಗೆಯಬಾರದು, ತೆಗೆದರೂ ಅಂಚಿನಲ್ಲಷ್ಟೇ ಹಿಡಿಯಬೇಕು, ಜನ್ಮದಲ್ಲಿ ತೊಳೆಯಬಾರದು ಎಂದು ಅಳಿಯ ಮೂರು ಸಲ ಹೇಳಿ ವಿಮಾನ ಹತ್ತಿದ. ನಾನು ಅದನ್ನು ಮನೆಯವರಿಗೆಲ್ಲ ಮೂವತ್ತು ಸಲ ಹೇಳಿದೆ.

ಡಬ್ಬಿಯನ್ನು ಮೊದಲು ತೆರೆದವನೂ ನಾನೇ. ಪಕ್ಕದ ಮನೆಯ ಹಿರಿಯರು ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದಾಗ ವಿದೇಶದ ಬೆಳ್ಳಿಯನ್ನು ತೋರಿಸದಿರಲು ಮನಸ್ಸು ಒಪ್ಪಲಿಲ್ಲ. “ಅಂಚಿನಲ್ಲಿ ಹಿಡಿಯಿರಿ” ಎನ್ನುವಷ್ಟರಲ್ಲಿ ಅವರು ಆಗಷ್ಟೇ ಎಲೆಗೆ ಸುಣ್ಣ ಬಳಿದ ಬೆರಳಿನಿಂದ ವೇಡರನ ಹಣೆಯನ್ನು ನೀವಿ, ಉಗುರಿನಿಂದ ತಟ್ಟಿ ನಾದ ಕೇಳಿ, “ಬೆಳ್ಳಿಯೇ ಹೌದು” ಎಂದು ತೀರ್ಪು ಕೊಟ್ಟಾಗಿತ್ತು. ಡಬ್ಬಿ ಆಮೇಲೆ ಸರಿಯಾಗಿ ಮುಚ್ಚಲಿಲ್ಲ. ಮುಂದಿನದನ್ನು ಮಲೆನಾಡಿನ ಮಳೆಗಾಲ ನೋಡಿಕೊಂಡಿತು. ಚಪ್ಪಲಿಗೆ ಬೂಷ್ಟು ಹಿಡಿದು, ಉಪ್ಪು ಡಬ್ಬಿಯಲ್ಲೇ ನೀರಾಗುವ ಊರಿನಲ್ಲಿ, ಬಚ್ಚಲೊಲೆಯ ಹೊಗೆ ಸುತ್ತುವ ಮನೆಯಲ್ಲಿ ಬೆಳ್ಳಿಯೊಂದು ಬೆಳ್ಳಗೆ ಉಳಿಯುವುದುಂಟೇ? ಗೌರಿ ಹಬ್ಬದ ಹೊತ್ತಿಗೆ ರಾಣಿಯ ಕೆನ್ನೆ ಕಂದಿತ್ತು, ಹಿರಿಯರ ಹೆಬ್ಬೆರಳಿನ ಗುರುತು ವೇಡರನ ಹಣೆಯ ಮೇಲೆ ಸ್ಪಷ್ಟವಾಗಿ ಮೂಡಿತ್ತು.

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ನಾನು ಶಿವಮೊಗ್ಗಕ್ಕೆ ಹೋಗಿ ಬರುವುದರೊಳಗೆ ಅಮ್ಮ ಮನೆಯ ಬೆಳ್ಳಿಯನ್ನೆಲ್ಲ ಬೆಳಗಿ ಮುಗಿಸಿದ್ದರು. ಮೊದಲು ಅಂಟುವಾಳದ ನೊರೆ, ಆಮೇಲೆ ವಿಭೂತಿ ಹಾಕಿ ತಿಕ್ಕುವುದು ನಮ್ಮ ಮನೆಯ ಕ್ರಮ. ಪಂಚಪಾತ್ರೆ, ಉದ್ಧರಣೆ, ಕುಂಕುಮದ ಬಟ್ಟಲು, ಅಜ್ಜಿಯ ಕಾಲದ ರೂಪಾಯಿಗಳು, ಅವುಗಳ ಕೊನೆಯಲ್ಲಿ ಎಲ್ಲಕ್ಕಿಂತ ಹೊಳೆಯುತ್ತ ನನ್ನ ನಾಣ್ಯ. ದೀಪಕ್ಕೆ ಹಿಡಿದು ನೋಡಿದೆ. ಮೈತುಂಬ ಕೂದಲೆಳೆಯಂಥ ಗೀರುಗಳು ಸುತ್ತು ಸುತ್ತಾಗಿ ಮೂಡಿದ್ದವು. “ತೊಳೆಯಬಾರದು ಅಂದಿದ್ದೆನಲ್ಲಮ್ಮ” ಎಂದರೆ, “ಸುಣ್ಣದ ಕೈ ಮುಟ್ಟಿದ್ದನ್ನು ತೊಳೆಯದೆ ದೇವರ ಮುಂದೆ ಇಡುವುದಾ?” ಎಂದು ಕೇಳಿದರು. ಈ ಪ್ರಶ್ನೆಗೆ ನಾಣ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಪೂಜೆಗೆ ಬಂದ ಭಟ್ಟರು ಅರ್ಚನೆಯ ನಡುವೆ ಆ ನಾಣ್ಯದ ಹತ್ತಿರ ಬಂದಾಗ ಒಂದು ಕ್ಷಣ ಮಂತ್ರ ನಿಲ್ಲಿಸಿದರು. ಮುಖವಾಡವನ್ನು ನೋಡಿದರು, ತಿರುಗಿಸಿ ರಾಣಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಸಿನಿಮಾದವನು ಭಟ್ರೇ” ಎಂದು ಪಿಸುಗುಟ್ಟಿದೆ. “ಒಳ್ಳೆಯವನೋ?” ಎಂದು ಅವರೂ ಪಿಸುಗುಟ್ಟಿದರು. “ಕೊನೆಯಲ್ಲಿ ಒಳ್ಳೆಯವನಾಗುತ್ತಾನೆ” ಎಂದೆ. ಅಷ್ಟು ಸಾಕೆಂಬಂತೆ ಅವರು ಅವನಿಗೂ ಕುಂಕುಮವಿಟ್ಟು ಮುಂದಿನ ನಾಮಕ್ಕೆ ಹೋದರು.

ಕಾರ್ತಿಕ ಕಳೆದ ಮೇಲೆ ಮನಸ್ಸು ತಡೆಯದೆ ಗಾಂಧಿ ಬಜಾರಿನ ಬೆಳ್ಳಿ ಅಂಗಡಿಯೊಂದರಲ್ಲಿ ಬೆಲೆ ಕೇಳಿದೆ. ಅಂಗಡಿಯವರು ತಕ್ಕಡಿಗೆ ಹಾಕಿ, ಮುಖದ ಸಂದುಗಳಲ್ಲಿ ಉಳಿದಿದ್ದ ಕುಂಕುಮವನ್ನು ಗುಂಡುಸೂಜಿಯಿಂದ ಕೆದಕಿ ಮತ್ತೊಮ್ಮೆ ತೂಗಿ, “ಕರಗಿಸಿದರೆ ಒಂದು ಸಣ್ಣ ಆರತಿ ಬಟ್ಟಲು ಆಗುತ್ತದೆ, ಮಾಡಿಕೊಡಲಾ?” ಎಂದು ವಿಚಾರಿಸಿದರು. ಜೇಬಿಗೆ ಹಾಕಿಕೊಂಡು ಊರಿನ ಬಸ್ಸು ಹತ್ತಿದೆ. ಚಿಲ್ಲರೆಗೆಂದು ಹತ್ತು ರೂಪಾಯಿಯ ನಾಣ್ಯ ತೆಗೆದುಕೊಟ್ಟರೆ ನಿರ್ವಾಹಕರು “ಇದು ನಡೆಯುವುದಿಲ್ಲ” ಎಂದರು. ಹತ್ತರ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆಯೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆಯೆಂದು ವಾದಿಸುವ ಉತ್ಸಾಹ ಆ ದಿನ ನನ್ನಲ್ಲಿರಲಿಲ್ಲ.

ಮನೆಗೆ ಬಂದು ನಾಣ್ಯವನ್ನು ಹಿಂದಿನ ಜಾಗದಲ್ಲೇ ಇಡುತ್ತಿದ್ದಾಗ ಅಮ್ಮ ಅದನ್ನು ಕೈಗೆತ್ತಿಕೊಂಡು, ಕುಂಕುಮ ಹೋಗಿ ಬೋಳಾದ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದರು. “ಯಾರಯ್ಯ ಇವನನ್ನು ಇಷ್ಟು ಗೀರಿದ್ದು?” ಎನ್ನುತ್ತ ವಿಭೂತಿಯ ಕರಡಿಗೆಗೆ ಕೈ ಹಾಕಿದರು.