ಸೂಟಿ ಮೇದಾಗ, ದ್ರಾಕ್ಷಿ ಫೆಬ್ರವರಿದಾಗ

ಬ್ಯಾಸಗಿ ಸೂಟಿ ಬಿತ್ತಂದ್ರ ಕಲಬುರಗಿ ಮಂದಿ ಸೊಲ್ಲಾಪುರ ದಾಟಿ ನಾಶಿಕದ ವೈನ್ ತೋಟ ನೋಡಾಕ ಗಾಡಿ ಬಿಡ್ತಾರ. ಆಮ್ಯಾಲೆ ಒಂದೇ ಗೊಣಗಾಟ: 'ತೋಟದಾಗ ಒಂದ್ ಗೊನಿನೂ ಇಲ್ಲ, ದ್ರಾಕ್ಷಿ ಹಿಂಡೋ ಮಷಿನ್ ಬಂದ್ ಅದ.' ಅಲ್ರೀ, ವೈನ್ ದ್ರಾಕ್ಷಿ ಕೊಯ್ಲು ಜನವರಿಯಿಂದ ಮಾರ್ಚ್ ತನಕ. ಏಪ್ರಿಲ್‌ದಾಗ ಚಾಟ್ನಿ ಮಾಡಿ, ಅಂದ್ರ ಟೊಂಗಿ ಕತ್ತರಿಸಿ, ಬಳ್ಳಿ ಬೋಳಿಸಿರ್ತಾರ, ಹಣ್ಣು ಹಿಡಿಯೋದು ಅಕ್ಟೋಬರ್ ಚಾಟ್ನಿ ಆದ ಮ್ಯಾಲೆ. ವಿಜಯಪುರ ಕಡಿ ಯಾವ ದ್ರಾಕ್ಷಿ ರೈತನ್ನ ಕೇಳಿದ್ರೂ ಇಷ್ಟು ಹೇಳ್ತಿದ್ದ.

ದಸರಾ ಸೂಟ್ಯಾಗ ಹೋಗೋರದು ಬ್ಯಾರೆ ಕಥಿ. ಅಕ್ಟೋಬರ್ 2 ಡ್ರೈ ಡೇ, ಗ್ಲಾಸ್ ಮುಟ್ಟಂಗಿಲ್ಲ.

ಇದಕ್ಕಿಂತ ತಲಿ ಕೆಡಸೋದು ಊಟದ್ದು. ಮುಂಜಾನೆ ಮಿಸಳ್ (ಮೊಳಕಿ ಕಾಳಿನ ಖಾರದ ತಿಂಡಿ) ಮ್ಯಾಲೆ ಕಟ್ ಅನ್ನೋ ಕೆಂಪನ ಖಾರದ ರಸ ಎರಡೆರಡು ಸಲ ಸುರುವಿಸ್ಕೊಂಡು, ನಾಲಿಗಿ ಧಗಧಗ ಅನ್ನುವಾಗ ತೋಟದಾಗ ವೈನ್ ರುಚಿ ನೋಡಾಕ ಕುಂತು ಸೀದಾ ರೆಡ್ ವೈನ್ ಎತ್ತಿ 'ಥೂ, ಕಹಿ' ಅಂತಾರ! ಖಾರದ ಬಾಯಿಗೆ ಮದ್ಯ ಬಿತ್ತಂದ್ರ ಉರಿ ಜಾಸ್ತಿ, ರೆಡ್‌ದಾಗಿನ ಒಗರೂ ಎದ್ದು ಕಾಣ್ತದ. ಅದಕ್ಕೇ ಮೊದಲು ವೈಟ್, ಆಮೇಲೆ ರೋಸೆ (ಗುಲಾಬಿ ಬಣ್ಣದ ವೈನ್), ಕಡೀಗಿ ರೆಡ್. ನಡುವ ನೀರು, ಒಣ ಬ್ರೆಡ್. ಬಾಜೂಕ ಇಟ್ಟ ಡಬ್ಬಿ ರುಚಿ ನೋಡಿದ ವೈನ್ ಉಗುಳಾಕ ಐತಿ, ಹೂ ಇಡಾಕಲ್ಲ. ಗಾಡಿ ಹೊಡಿಯೋರು ಒಂದ್ ಗುಟುಕೂ ಕುಡಿಬ್ಯಾಡ್ರಿ. ಮಿಸಳ್ ಎಲ್ಲಿಗೂ ಓಡಿ ಹೋಗಂಗಿಲ್ಲ, ಮರುದಿನ ಮುಂಜಾನೆ ತಿನ್ರಿ.